ಕ್ಲಿಕ್ಕಿಗೆ ದುಡ್ಡು ಹಾಕೋ ಮುಂಚೆ ಮೊಳಕೆ ಪರೀಕ್ಷೆ ಮಾಡಿ: ಮೊಬೈಲ್ ಜಾಹೀರಾತು ಮತ್ತು ಅಫಿಲಿಯೇಟ್ ಕಮಿಷನ್ನಿನ ಅಸಲಿ ಲೆಕ್ಕ



ಸಂಜೆ ಹೊಲದಿಂದ ಬಂದು ಕಟ್ಟೆ ಮೇಲೆ ಕೂತು ಮೊಬೈಲ್‌ನಲ್ಲಿ ಕ್ರಿಕೆಟ್ ಸ್ಕೋರ್ ನೋಡ್ತಿರ್ತೀರಿ. ಪರದೆಯ ಕೆಳಗೆ ಒಂದು ಪಟ್ಟಿ ಬರುತ್ತೆ: ‘ಬ್ಯಾಟರಿ ಪಂಪ್, ಮನೆ ಬಾಗಿಲಿಗೇ’. ಬೆರಳು ತಾಗಿದ್ರೆ ಸಾಕು, ಆನ್‌ಲೈನ್ ಅಂಗಡಿ ತೆರೆದುಕೊಳ್ಳುತ್ತೆ. ಆ ಜಾಹೀರಾತು ಹಾಕಿದವರು ಪಂಪ್ ಕಂಪನಿಯವರೇ ಆಗಿರಬೇಕು ಅಂತೇನಿಲ್ಲ. ಆ ಪಂಪನ್ನು ಕೈಯಲ್ಲಿ ಹಿಡಿದೂ ನೋಡದ ಯಾರೋ ಒಬ್ಬರು ಕಮಿಷನ್ ಆಸೆಗೆ ಹಾಕಿರಬಹುದು.

‘ಹಂಗಾದ್ರೆ ನಾವೂ ಮಾಡಬಹುದಲ್ವಾ? ದಿನಾ ಪಂಪ್ ಹೊತ್ತು ಔಷಧಿ ಹೊಡೆಯೋರು ನಾವೇ ತಾನೇ?’ ಅಂತ ನಿಮಗೆ ಅನ್ನಿಸಿದ್ರೆ ತಪ್ಪಿಲ್ಲ. ಮಾಡಬಹುದು. ಆದರೆ ಇದರಲ್ಲಿ ದುಡ್ಡು ಮೊದಲು ಹೋಗುತ್ತೆ, ಬಂದರೆ ಆಮೇಲೆ ಬರುತ್ತೆ. ಬೀಜ ಗೊಬ್ಬರಕ್ಕೆ ಇಟ್ಟ ದುಡ್ಡು ಇದಕ್ಕೆ ಹೋಗಬಾರದು ಅನ್ನೋದಕ್ಕೇ ಈ ವಾರದ ಲೇಖನ.

ಇದು ಕೆಲಸ ಮಾಡೋದು ಹೇಗೆ?

ಎಪಿಎಂಸಿಯ ದಲ್ಲಾಳಿ ನಮಗೆಲ್ಲ ಗೊತ್ತು. ಮಾಲು ಅವರದಲ್ಲ, ಮಾರಾಟ ಆದರೆ ಕಮಿಷನ್ ಅವರಿಗೆ. ಅಫಿಲಿಯೇಟ್ ಮಾರ್ಕೆಟಿಂಗ್ ಅಂದ್ರೂ ಅದೇ. ಆನ್‌ಲೈನ್ ಅಂಗಡಿಯವರು ನಿಮಗೆ ಒಂದು ಲಿಂಕ್ ಕೊಡ್ತಾರೆ, ಅದರೊಳಗೆ ನಿಮ್ಮ ಗುರುತಿನ ಸಂಖ್ಯೆ ಇರುತ್ತೆ. ಆ ಲಿಂಕ್ ಒತ್ತಿ ಬಂದವರು ಏನಾದರೂ ಕೊಂಡರೆ ನಿಮಗೆ ಇಂತಿಷ್ಟು ಪಾಲು. ಅಮೆಜಾನ್ ಈ ಪದ್ಧತಿಯನ್ನು 1996ರಿಂದಲೇ ನಡೆಸುತ್ತಿದೆ, ಹೊಸದೇನಲ್ಲ.

ಜಾಹೀರಾತು ಜಾಲ, ಅಂದರೆ ಆಡ್ ನೆಟ್‌ವರ್ಕ್, ಇನ್ನೊಂದು ತರಹದ ಮಧ್ಯವರ್ತಿ. ಒಂದು ಕಡೆ ಆಟ, ಸುದ್ದಿ, ಹವಾಮಾನದ ಆ್ಯಪ್ ಮಾಡಿದವರು ಇರ್ತಾರೆ. ಅವರ ಹತ್ತಿರ ಖಾಲಿ ಜಾಗ ಇದೆ. ಇನ್ನೊಂದು ಕಡೆ ಜಾಹೀರಾತು ಹಾಕೋರು ಇರ್ತಾರೆ. ನೀವು ಆ್ಯಪ್ ತೆರೆದ ಕ್ಷಣದಲ್ಲೇ, ಕಣ್ಣು ಮಿಟುಕಿಸೋದ್ರೊಳಗೆ, ಆ ಜಾಗಕ್ಕೆ ಹರಾಜು ನಡೆದು ಗೆದ್ದವರ ಜಾಹೀರಾತು ನಿಮ್ಮ ಪರದೆಗೆ ಬರುತ್ತೆ. 2006ರಲ್ಲಿ ಶುರುವಾದ ಆಡ್‌ಮಾಬ್ ಇಂಥದ್ದೊಂದು ಜಾಲ. 2009ರಲ್ಲಿ ಗೂಗಲ್ ಅದನ್ನು 75 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ನಮ್ಮ ಬೆಂಗಳೂರಿನ ಇನ್‌ಮೊಬಿ ಕೂಡ ಇದೇ ವ್ಯವಹಾರದ್ದು. 2007ರಲ್ಲಿ ಎಂಖೋಜ್ ಅನ್ನೋ ಹೆಸರಲ್ಲಿ ಶುರುವಾದ ಕಂಪನಿ ಅದು. ಸಣ್ಣ ಮೊತ್ತದಲ್ಲಿ ಜಾಹೀರಾತು ಹಾಕೋರು ಸಾಮಾನ್ಯವಾಗಿ ಗೂಗಲ್ ಆಡ್ಸ್ ಅಥವಾ ಮೆಟಾ ಖಾತೆಯ ಮೂಲಕ ಒಳಗೆ ಹೋಗ್ತಾರೆ.

ಈಗ ಎರಡನ್ನೂ ಜೋಡಿಸಿ ನೋಡಿ. ಜಾಲಕ್ಕೆ ನೀವು ದುಡ್ಡು ಕೊಡೋದು ಪ್ರತಿ ಕ್ಲಿಕ್ಕಿಗೆ. ಅಂಗಡಿಯವರು ನಿಮಗೆ ದುಡ್ಡು ಕೊಡೋದು ಪ್ರತಿ ಮಾರಾಟಕ್ಕೆ. ಕ್ಲಿಕ್ ಆದದ್ದೆಲ್ಲ ಮಾರಾಟ ಆಗಲ್ಲ. ಲಾಭವೋ ಲುಕ್ಸಾನೋ, ಇವೆರಡರ ನಡುವಿನ ಅಂತರದಲ್ಲೇ ಇದೆ.

ಒಂದು ಲೆಕ್ಕ ಹಾಕೋಣ

ಈ ಅಂಕಿಗಳು ಲೆಕ್ಕ ಕಲಿಯೋಕೆ ಮಾತ್ರ. ನಿಮ್ಮ ಅಂಕಿ ಬೇರೆ ಇರುತ್ತೆ.

ಬ್ಯಾಟರಿ ಪಂಪ್ ಬೆಲೆ 3,000 ರೂಪಾಯಿ, ಕಮಿಷನ್ 5% ಅಂದುಕೊಳ್ಳಿ. ಒಂದು ಪಂಪ್ ಮಾರಾಟವಾದರೆ ನಿಮಗೆ 150 ರೂಪಾಯಿ. ಒಂದು ಕ್ಲಿಕ್ಕಿಗೆ 3 ರೂಪಾಯಿ ಬಿತ್ತು ಅಂತಿಟ್ಟುಕೊಳ್ಳಿ.

1,000 ಕ್ಲಿಕ್ಕಿಗೆ 3,000 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ, ಅಂದ್ರೆ 540. ಒಟ್ಟು ಖರ್ಚು 3,540. ಇದನ್ನು ತುಂಬಾ ಜನ ಮರೀತಾರೆ.

ನೂರಕ್ಕೆ ಒಬ್ಬರು ಕೊಂಡರೆ 10 ಪಂಪ್ ಹೋಯಿತು, 1,500 ರೂಪಾಯಿ ಬಂತು. ಅದರಲ್ಲಿ 2 ಪಂಪ್ ವಾಪಸ್ ಬಂದರೆ ಆ ಕಮಿಷನ್ ಕೂಡ ವಾಪಸ್. ಉಳಿಯೋದು 1,200. ಹಾಕಿದ್ದು 3,540, ಬಂದಿದ್ದು 1,200. ಕೈಯಿಂದ ಹೋಗಿದ್ದು 2,340 ರೂಪಾಯಿ.

ಮೊಬೈಲ್‌ನಲ್ಲಿ ಮಾತ್ರ ‘1,000 ಕ್ಲಿಕ್, 10 ಆರ್ಡರ್’ ಅಂತ ಹಸಿರು ಗ್ರಾಫ್ ಮೇಲಕ್ಕೆ ಹೋಗ್ತಿರುತ್ತೆ! ಅದನ್ನು ನೋಡಿ ಹುರುಪಿಗೆ ಬಿದ್ದು ಇನ್ನೂ ಐದು ಸಾವಿರ ಹಾಕೋದು ಸುಲಭ. ಗ್ರಾಫ್ ನೋಡಬೇಡಿ, ಒಂದೇ ಪ್ರಶ್ನೆ ಕೇಳಿಕೊಳ್ಳಿ: ಒಂದು ಕ್ಲಿಕ್ಕಿಗೆ ನನಗೆ ಬಿದ್ದ ಖರ್ಚೆಷ್ಟು, ಅದೇ ಕ್ಲಿಕ್ಕಿನಿಂದ ಬಂದಿದ್ದೆಷ್ಟು? ಮೇಲಿನ ಲೆಕ್ಕದಲ್ಲಿ ಖರ್ಚು 3 ರೂಪಾಯಿ 54 ಪೈಸೆ, ಬಂದಿದ್ದು 1 ರೂಪಾಯಿ 20 ಪೈಸೆ. ಇದು ನಿಲ್ಲೋ ಬೆಳೆ ಅಲ್ಲ.

ಒಂದೂ ವಾಪಸ್ ಬರಲಿಲ್ಲ ಅಂದುಕೊಂಡರೂ, ಅಸಲು ಹುಟ್ಟಬೇಕಾದರೆ 1,000 ಕ್ಲಿಕ್ಕಿಗೆ 24 ಪಂಪ್ ಮಾರಾಟ ಆಗಬೇಕು. ಇಲ್ಲವೇ ನೂರಕ್ಕೆ ಒಬ್ಬರೇ ಕೊಳ್ಳೋದಾದರೆ ಕ್ಲಿಕ್ಕಿನ ದರ ಜಿಎಸ್‌ಟಿ ಬಿಟ್ಟು 1 ರೂಪಾಯಿ 27 ಪೈಸೆಗೆ ಇಳಿಯಬೇಕು.

ಮೊದಲು ಮೊಳಕೆ ಪರೀಕ್ಷೆ

ಬಿತ್ತೋ ಮುಂಚೆ ಏನು ಮಾಡ್ತೀವಿ? 100 ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ನೋಡ್ತೀವಿ. ಪ್ರಮಾಣಿತ ಬೀಜಕ್ಕೆ ಭತ್ತದಲ್ಲಿ ಕನಿಷ್ಠ 80, ಶೇಂಗಾದಲ್ಲಿ ಕನಿಷ್ಠ 70 ಮೊಳೆಯಬೇಕು ಅನ್ನೋ ಮಾನದಂಡ ಇದೆ. ಕ್ಲಿಕ್ಕಿಗೂ ಇದೇ ಪರೀಕ್ಷೆ ಬೇಕು. ವ್ಯತ್ಯಾಸ ಏನಂದ್ರೆ, ಇಲ್ಲಿ ನೂರಕ್ಕೆ ಎರಡು ಮೂರು ಮೊಳೆತರೂ ಅದು ಒಳ್ಳೆ ಬೀಜವೇ.

ನಾನು ಹೇಳೋ ಕ್ರಮ ಇಷ್ಟು:

1. ಕಳೆದುಕೊಂಡರೂ ನಿದ್ದೆ ಕೆಡದಷ್ಟು ದುಡ್ಡು ಮಾತ್ರ ತೆಗೆದಿಡಿ. ಮೇಲಿನ ದರದಲ್ಲಿ 300 ಕ್ಲಿಕ್ಕಿಗೆ ಸುಮಾರು 1,060 ರೂಪಾಯಿ. ಖಾತೆಯಲ್ಲಿ ದಿನದ ಮಿತಿಯನ್ನು 100 ರೂಪಾಯಿಗೆ ಕಟ್ಟಿ ಹಾಕಿ. ಸಾಲ ಮಾಡಿ, ಒಡವೆ ಇಟ್ಟು, ಬೆಳೆ ಸಾಲದ ದುಡ್ಡು ತಿರುಗಿಸಿ ಇದನ್ನು ಮಾಡಲೇಬೇಡಿ.

2. ನೀವು ಬಳಸಿ ನೋಡಿದ ಒಂದೇ ಸಾಮಾನು ಆರಿಸಿಕೊಳ್ಳಿ. ಹತ್ತು ಸಾಮಾನು ಒಟ್ಟಿಗೆ ಹಾಕಿದ್ರೆ ಯಾವುದು ಮೊಳೆಯಿತು ಅಂತ ಗೊತ್ತಾಗಲ್ಲ.

3. ಜಾಹೀರಾತಿನಿಂದ ನೇರ ಅಂಗಡಿಗೆ ಕಳಿಸಬೇಡಿ. ಮಧ್ಯೆ ನಿಮ್ಮದೇ ಒಂದು ಚಿಕ್ಕ ಕನ್ನಡ ಪುಟ ಅಥವಾ ವಿಡಿಯೋ ಇರಲಿ. ‘16 ಲೀಟರ್ ಟ್ಯಾಂಕ್, ಎಕರೆಗೆ 200 ಲೀಟರ್ ನೀರು ಅಂದ್ರೆ ಹನ್ನೆರಡೂವರೆ ಟ್ಯಾಂಕ್ ಆಗುತ್ತೆ, ಒಂದು ಚಾರ್ಜ್‌ಗೆ ಎಷ್ಟು ಬಂತು, ಬೆಲ್ಟ್ ಹೆಗಲಿಗೆ ಒತ್ತುತ್ತಾ, ವಾಷರ್ ಹೋದ್ರೆ ಎಲ್ಲಿ ಸಿಗುತ್ತೆ’. ಹೊಲದಲ್ಲಿ ನಿಂತವರಿಗೆ ಮಾತ್ರ ಗೊತ್ತಿರೋ ಮಾತು ಇದು, ಊರಾಚೆಯವರಿಂದ ಇದಾಗಲ್ಲ. ಅಲ್ಲದೆ, ಬೇರೆ ಕಡೆಗೆ ದಾಟಿಸೋಕೆ ಮಾತ್ರ ಇರುವ ಖಾಲಿ ಪುಟಗಳನ್ನು ಗೂಗಲ್ ಒಪ್ಪುವುದಿಲ್ಲ.

4. ಅಂಗಡಿಯವರ ನಿಯಮ ಪೂರ್ತಿ ಓದಿ. ಉದಾಹರಣೆಗೆ ಗೂಗಲ್ ಹುಡುಕಾಟದಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿ, ಅಲ್ಲಿಂದ ಜನರನ್ನು ತನ್ನ ಅಂಗಡಿಗೆ ಕಳಿಸೋದನ್ನು ಅಮೆಜಾನ್ ತನ್ನ ಅಫಿಲಿಯೇಟ್‌ಗಳಿಗೆ ನಿಷೇಧಿಸಿದೆ. ನಿಯಮ ಮುರಿದರೆ ಬಂದ ಕಮಿಷನ್ನೂ ಸಿಗದೆ ಹೋಗಬಹುದು.

5. 300 ಕ್ಲಿಕ್ ಆದ ಮೇಲೆ ನಿಲ್ಲಿಸಿ, ಎಣಿಸಿ. ಮೇಲಿನ ಲೆಕ್ಕದಲ್ಲಿ 7–8 ಮಾರಾಟ ಆಗಿದ್ರೆ ಅಸಲು ಬಂದಂಗೆ. ಎರಡು ಮೂರು ಆಗಿದ್ರೆ ಪುಟ ಬದಲಿಸಿ ಇನ್ನೊಂದು ಸಲ ನೋಡಬಹುದು. ಒಂದೂ ಆಗದಿದ್ರೆ ಆ ಬೀಜ ಬಿಟ್ಟುಬಿಡಿ, ‘ನಾಳೆ ಆಗಬಹುದು’ ಅಂತ ನೀರು ಹಾಯಿಸ್ತಾ ಕೂರಬೇಡಿ.

ಎಲ್ಲಿ, ಯಾವಾಗ ಬಿತ್ತಬೇಕು?

ಊರವರಿಗಿಂತ ನಿಮಗಿರುವ ಅನುಕೂಲ ಹಂಗಾಮಿನ ಜ್ಞಾನ. ಜೂನ್–ಜುಲೈನಲ್ಲಿ ಬಿತ್ತಿದ ಕಲಬುರಗಿ ಕಡೆಯ ತೊಗರಿ ಅಕ್ಟೋಬರ್–ನವೆಂಬರ್ ಹೊತ್ತಿಗೆ ಹೂವಿಗೆ ಬರುತ್ತೆ, ಕಾಯಿಕೊರಕದ ಭಯ ಶುರುವಾಗುತ್ತೆ. ಆಗ ಆ ಭಾಗದವರು ಪಂಪ್ ಹುಡುಕ್ತಾರೆ. ಜಾಹೀರಾತು ಖಾತೆಯಲ್ಲಿ ಸ್ಥಳ, ಭಾಷೆ, ಸಮಯ ಮೂರನ್ನೂ ಆರಿಸಬಹುದು. ಇಡೀ ಕರ್ನಾಟಕಕ್ಕೆ ಎರಚೋ ಬದಲು ಆ ಭಾಗಕ್ಕೆ, ಕನ್ನಡದಲ್ಲಿ, ರೈತರು ಮನೆಗೆ ಬಂದು ಫೋನ್ ಹಿಡಿಯೋ ಸಂಜೆ ಹೊತ್ತಿಗೆ ಮಾತ್ರ ಹಾಕಿ. ಎರಚು ಬಿತ್ತನೆಗೂ ಕೂರಿಗೆ ಬಿತ್ತನೆಗೂ ಇರೋ ವ್ಯತ್ಯಾಸ ಇದು.

ಇನ್ನೊಂದು ವಿಷಯ. ಲಿಂಕ್ ಒತ್ತಿದ ಮೇಲೆ ನಿಮ್ಮ ಗುರುತು ಎಷ್ಟು ಹೊತ್ತು ಉಳಿಯುತ್ತೆ ಅಂತ ಕೇಳಿ. ಅಮೆಜಾನ್‌ನಲ್ಲಿ ಸಾಮಾನ್ಯವಾಗಿ 24 ಗಂಟೆ. ನಮ್ಮ ಕಡೆ ಪಂಪ್ ಕೊಳ್ಳೋರು ಅಪ್ಪನ್ನ ಕೇಳಿ, ಪಕ್ಕದ ಹೊಲದವರನ್ನ ವಿಚಾರಿಸಿ, ಡೈರಿ ದುಡ್ಡು ಬಂದ ಮೇಲೆ ಕೊಳ್ಳೋರು. ನಾಲ್ಕು ದಿನ ಬಿಟ್ಟು ಅವರೇ ಹುಡುಕಿ ಕೊಂಡರೆ ನಿಮ್ಮ ಜಾಹೀರಾತಿನಿಂದಲೇ ಕೊಂಡಿದ್ರೂ ಕಮಿಷನ್ ಸಿಗಲ್ಲ. ಆದ್ದರಿಂದ ತಕ್ಷಣ ಕೊಳ್ಳುವಂಥ ಸಣ್ಣ ಸಾಮಾನು, ಹೆಡ್ ಟಾರ್ಚ್, ಟಾರ್ಪಾಲ್ ತರಹದ್ದು, ಕೆಲವೊಮ್ಮೆ ದೊಡ್ಡ ಯಂತ್ರಕ್ಕಿಂತ ವಾಸಿ. ಆದರೆ ಬೆಲೆ ಕಡಿಮೆ ಇದ್ರೆ ಕಮಿಷನ್ನೂ ಕಡಿಮೆ, ಲೆಕ್ಕ ಹಾಕಿಯೇ ಇಳಿಯಿರಿ.

ಜೊಳ್ಳು ಕ್ಲಿಕ್

ರಾಶಿಯಲ್ಲಿ ಜೊಳ್ಳು ಇರೋ ಹಾಗೆ ಕ್ಲಿಕ್ಕಲ್ಲೂ ಜೊಳ್ಳು ಇದೆ. ಮಕ್ಕಳು ಆಟ ಆಡುವಾಗ ತಪ್ಪಿ ಬೆರಳು ತಾಗಿಸಿದ್ದು, ಜಾಹೀರಾತು ಮುಚ್ಚೋಕೆ ಹೋಗಿ ಒತ್ತಿದ್ದು, ಯಂತ್ರದಿಂದ ಬೇಕಂತಲೇ ಒತ್ತಿಸಿದ್ದು. ಜಾಲದವರು ಒಂದಷ್ಟು ಸೋಸುತ್ತಾರೆ, ಎಲ್ಲಾ ಸೋಸಲು ಆಗಲ್ಲ.

ಗುರುತು ಹಿಡಿಯೋದು ಹೀಗೆ: ಯಾವ ಆ್ಯಪ್‌ನಿಂದ ಎಷ್ಟು ಕ್ಲಿಕ್ ಬಂತು ಅನ್ನೋ ಪಟ್ಟಿ ಖಾತೆಯಲ್ಲಿ ಸಿಗುತ್ತೆ. ಒಂದೇ ಆಟದ ಆ್ಯಪ್‌ನಿಂದ ರಾಶಿ ಕ್ಲಿಕ್ ಬಂದು, ಯಾರೂ ನಿಮ್ಮ ಪುಟದಲ್ಲಿ ಎರಡು ಸೆಕೆಂಡ್ ನಿಂತಿಲ್ಲ ಅಂದ್ರೆ ಅದು ಜೊಳ್ಳು. ಆ ಆ್ಯಪನ್ನು ಪಟ್ಟಿಯಿಂದ ತೆಗೆದುಹಾಕಿ. ರಾತ್ರಿ ಎರಡು ಗಂಟೆಗೆ ಕ್ಲಿಕ್ ಏರಿದ್ರೂ ಅನುಮಾನ ಪಡಿ. ಒಬ್ಬರಿಗೇ ಜಾಹೀರಾತು ಹತ್ತಾರು ಸಲ ತೋರಿಸದಂತೆ ಮಿತಿ ಹಾಕುವ ಸೌಲಭ್ಯವಿದ್ದರೆ ಬಳಸಿ. ಒಂದೊಂದು ಜಾಹೀರಾತಿಗೂ ಬೇರೆ ಬೇರೆ ಗುರುತಿನ ಲಿಂಕ್ ಮಾಡಿಕೊಂಡರೆ ಯಾವುದರಿಂದ ಮಾರಾಟ ಆಯಿತು ಅಂತ ನಿಖರವಾಗಿ ತಿಳಿಯುತ್ತೆ.

ಯಾವುದಕ್ಕೆ ಕೈ ಹಾಕಬಾರದು?

ಕಮಿಷನ್ ಜಾಸ್ತಿ ಸಿಗುತ್ತೆ ಅಂತ ಆಸೆ ತೋರಿಸೋದು ಹೆಚ್ಚಾಗಿ ಸಾಲದ ಆ್ಯಪ್, ಹಣ ಕಟ್ಟಿ ಆಡೋ ಆಟಗಳಿಗೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಗುರುತು ಪರಿಚಯವಿಲ್ಲದ ಸಾಲದ ಆ್ಯಪ್ ಕಡೆಗೆ ನಿಮ್ಮ ಊರಿನ ಹುಡುಗರನ್ನೇ ಕಳಿಸಿ ಕಮಿಷನ್ ತಿಂದರೆ, ನಾಳೆ ಅವರ ಮನೆಯವರ ಮುಖ ನೋಡೋಕೆ ಆಗುತ್ತಾ?

ಕೀಟನಾಶಕದ ವಿಷಯದಲ್ಲೂ ದೂರ ಇರಿ. 1968ರ ಕೀಟನಾಶಕ ಕಾಯ್ದೆಯಡಿ ಮಾರಾಟಕ್ಕೆ ಪರವಾನಗಿ ಬೇಕು, ಆನ್‌ಲೈನ್ ಮಾರಾಟಕ್ಕೂ ಬೇಕು. ಪರವಾನಗಿ ಇಲ್ಲದವರ ಔಷಧಿಗೆ ನೀವು ಲಿಂಕ್ ಹಾಕಿ ಯಾರದೋ ಬೆಳೆ ಸುಟ್ಟರೆ ಆ ನಷ್ಟ ತುಂಬಿಕೊಡೋರು ಯಾರು?

ಇನ್ನು ‘5,000 ಕಟ್ಟಿ ಸೇರಿಕೊಳ್ಳಿ, ದಿನಾ ಜಾಹೀರಾತು ಒತ್ತಿ, ದುಡ್ಡು ಬರುತ್ತೆ’ ಅನ್ನೋ ಸಂದೇಶಗಳು. ಇದು ಅಫಿಲಿಯೇಟ್ ಅಲ್ಲವೇ ಅಲ್ಲ, ಮೋಸ. ನಿಜವಾದ ಅಫಿಲಿಯೇಟ್ ಯೋಜನೆಗೆ ಸೇರೋಕೆ ದುಡ್ಡು ಕಟ್ಟಬೇಕಿಲ್ಲ. ಸಿಕ್ಕಿಹಾಕಿಕೊಂಡಿದ್ರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯೋ ಅವಕಾಶ ಹೆಚ್ಚು.

ಹೇಳಿ ಮಾಡಿ, ಲೆಕ್ಕ ಇಡಿ

ಕಮಿಷನ್ ಬರುತ್ತೆ ಅನ್ನೋದನ್ನು ಮುಚ್ಚಿಡಬಾರದು. ‘ಇದು ಜಾಹೀರಾತು. ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತೆ’ ಅಂತ ಕನ್ನಡದಲ್ಲೇ, ಕಣ್ಣಿಗೆ ಕಾಣೋ ಹಾಗೆ ಬರೆಯಿರಿ. ಪ್ರಚಾರ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳಬೇಕು ಅಂತ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ದಾರಿ ತಪ್ಪಿಸೋ ಜಾಹೀರಾತಿಗೆ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ನಿಜ ಹೇಳಿದ್ರೆ ಜನ ಓಡಿಹೋಗಲ್ಲ, ನಂಬಿಕೆ ಜಾಸ್ತಿ ಆಗುತ್ತೆ.

ತೆರಿಗೆ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ನಾನು ರೈತ, ನನಗೆ ತೆರಿಗೆ ಇಲ್ಲ’ ಅನ್ನೋದು ಹೊಲದ ಆದಾಯಕ್ಕೆ ಮಾತ್ರ. ಈ ಕಮಿಷನ್ ಕೃಷಿ ಆದಾಯ ಅಲ್ಲ. ವರ್ಷಕ್ಕೆ 20,000 ರೂಪಾಯಿ ದಾಟಿದರೆ 2% ಟಿಡಿಎಸ್ ಹಿಡಿದು ಕೊಡ್ತಾರೆ. ಪ್ಯಾನ್ ಸರಿ ಇರಲಿ, ಜಾಹೀರಾತಿನ ಬಿಲ್‌ಗಳನ್ನು ತೆಗೆದಿಟ್ಟುಕೊಳ್ಳಿ, ರಿಟರ್ನ್ಸ್ ಹಾಕೋವಾಗ ಅವು ಖರ್ಚಿನ ಪುರಾವೆ.

ಕೊನೆಗೊಂದು ಮಾತು

ಪರೀಕ್ಷೆಯಲ್ಲಿ ಪಂಪ್ ಮೊಳೆಯಲಿಲ್ಲ ಅಂದ್ರೂ ಕಲಿತ ವಿದ್ಯೆ ಎಲ್ಲೂ ಹೋಗಲ್ಲ. ಅದೇ ವಿದ್ಯೆಯನ್ನು ನಿಮ್ಮದೇ ಮಾಲಿಗೆ ಹಾಕಿ ನೋಡಿ. ಕರ್ನಾಟಕದ ಮಾವು ನಿಗಮದ ಕರ್ಸಿರಿ ಪೋರ್ಟಲ್ ಮೂಲಕ ಬೆಳೆಗಾರರ ಹಣ್ಣು ಅಂಚೆಯಲ್ಲಿ ಬೆಂಗಳೂರಿನ ಮನೆಗಳಿಗೆ ಹೋಗಿದೆ. ನೀವು ಶ್ರೀನಿವಾಸಪುರದವರಾಗಿದ್ರೆ ಮೇ–ಜೂನ್‌ನಲ್ಲಿ ಬೆಂಗಳೂರಿನ ಎರಡು ಬಡಾವಣೆಗೆ ಮಾತ್ರ 100 ರೂಪಾಯಿಯ ಜಾಹೀರಾತು ಹಾಕಿ ಪರೀಕ್ಷೆ ಮಾಡಬಹುದು. ಪಂಪ್ ಕೊಂಡವರು ಅಂಗಡಿಯ ಗಿರಾಕಿ, ಅವರ ಫೋನ್ ನಂಬರ್ ಕೂಡ ನಿಮಗೆ ಸಿಗಲ್ಲ. ಹಣ್ಣು ಕೊಂಡವರು ನಿಮ್ಮ ಗಿರಾಕಿ. ರುಚಿ ಹಿಡಿಸಿದ್ರೆ ಮುಂದಿನ ವರ್ಷ ಕ್ಲಿಕ್ಕಿಗೆ ದುಡ್ಡು ಕೊಡದೇ ಅವರೇ ಫೋನ್ ಮಾಡ್ತಾರೆ.

ಈ ವಾರ ದುಡ್ಡು ಹಾಕಬೇಡಿ. ಒಂದು ಹಾಳೆ ತಗೊಂಡು ಸಾಮಾನಿನ ಬೆಲೆ, ಕಮಿಷನ್, ಕ್ಲಿಕ್ಕಿನ ದರ, ಜಿಎಸ್‌ಟಿ ನಾಲ್ಕನ್ನೂ ಬರೆದು, ಅಸಲು ಹುಟ್ಟೋಕೆ ನೂರಕ್ಕೆ ಎಷ್ಟು ಜನ ಕೊಳ್ಳಬೇಕು ಅಂತ ಲೆಕ್ಕ ಹಾಕಿ. ಆ ಸಂಖ್ಯೆ ಐದು ದಾಟಿದ್ರೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊಲದ ಕಡೆ ನಡೀರಿ. ನಿಮ್ಮ ದುಡ್ಡು ಉಳೀತು.