ಸರ್ವರ್ ಸ್ಥಳಾಂತರವೂ ಮಿಂಚಂಚೆಯ ಮಾರ್ಗವೂ

ಜಾಲತಾಣವೊಂದನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸಿದ ತರುವಾಯ, ಪುಟಗಳೆಲ್ಲ ಮೊದಲಿನಂತೆಯೇ ಕಾಣುತ್ತಿದ್ದರೂ ಮಿಂಚಂಚೆ ಮಾತ್ರ ತಲುಪದೆ ಹೋಗುವುದುಂಟು. ಕಾಲೇಜುಗಳು ಅರ್ಜಿಗಳನ್ನೂ ವಿಚಾರಣೆಗಳನ್ನೂ ಜಾಲತಾಣದ ಮೂಲಕ ಪಡೆಯುತ್ತಿರುವ ಈ ಕಾಲದಲ್ಲಿ ಇದು ಕೇವಲ ತಂತ್ರಜ್ಞರ ಚಿಂತೆಯಲ್ಲ. ಈ ದೋಷದ ಮೂಲವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಅಂತರಜಾಲದ ಹೆಸರುಗಳ ವ್ಯವಸ್ಥೆಯಾದ ಡಿಎನ್‌ಎಸ್ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರಿಂದ ರೂಪುಗೊಂಡಿತು. ಅದರಲ್ಲಿ ಒಂದೇ ಡೊಮೇನ್ ಹೆಸರಿಗೆ ಹಲವು ಬಗೆಯ ದಾಖಲೆಗಳಿರುತ್ತವೆ. ‘ಎ’ ದಾಖಲೆಯು ಜಾಲತಾಣವಿರುವ ಸರ್ವರಿನ ಸಂಖ್ಯಾವಿಳಾಸವನ್ನು ತಿಳಿಸುತ್ತದೆ. ‘ಎಂಎಕ್ಸ್’ ದಾಖಲೆಯು ಆ ಹೆಸರಿಗೆ ಬರುವ ಅಂಚೆಯನ್ನು ಸ್ವೀಕರಿಸತಕ್ಕ ಸರ್ವರ್ ಯಾವುದೆಂದು ತಿಳಿಸುತ್ತದೆ. ಎಂಎಕ್ಸ್ ದಾಖಲೆಯನ್ನನುಸರಿಸಿ ಅಂಚೆಯನ್ನು ಸಾಗಿಸುವ ನಿಯಮಗಳನ್ನು 1986ರಲ್ಲಿ ಕ್ರೇಗ್ ಪಾರ್ಟ್ರಿಜ್ ನಿರೂಪಿಸಿದರು. ಆದಕಾರಣ ಜಾಲತಾಣವು ಒಂದೆಡೆ, ಅಂಚೆಯ ಪೆಟ್ಟಿಗೆಗಳು ಮತ್ತೊಂದೆಡೆ ಇರುವುದು ಸಾಮಾನ್ಯ.

ತೊಡಕು ಹುಟ್ಟುವುದು ಇಲ್ಲಿಯೇ. ಅಂಚೆಯನ್ನು ಸಾಗಿಸುವ ಸರ್ವರ್, ಡಿಎನ್‌ಎಸ್ಸನ್ನು ವಿಚಾರಿಸುವ ಮೊದಲು ತನ್ನದೇ ಪಟ್ಟಿಯೊಂದನ್ನು ನೋಡುತ್ತದೆ. ‘ಈ ಡೊಮೇನ್ ನನ್ನದೇ’ ಎಂದು ಆ ಪಟ್ಟಿಯಲ್ಲಿದ್ದರೆ, ಎಂಎಕ್ಸ್ ದಾಖಲೆಯ ಗೊಡವೆಗೆ ಹೋಗದೆ ಅಂಚೆಯನ್ನು ತನ್ನಲ್ಲಿಯೇ ಇಳಿಸಿಕೊಳ್ಳುತ್ತದೆ. ಉದಾಹರಣೆಗೆ, ಒಂದು ಕಾಲೇಜಿನ ಅಂಚೆಯು ಹೊರಗಿನ ಸೇವೆಯೊಂದರಲ್ಲಿದ್ದು, ಜಾಲತಾಣವು ಮಾತ್ರ ಹೊಸ ಸರ್ವರಿಗೆ ಬಂದಿದೆಯೆನ್ನೋಣ. ಸ್ಥಳಾಂತರದಲ್ಲಿ ಹಳೆಯ ಪೆಟ್ಟಿಗೆಗಳ ಪ್ರತಿಗಳೂ ಬಂದಿದ್ದು, ಡೊಮೇನ್ ಸ್ಥಳೀಯವೆಂದು ದಾಖಲಾಗಿದ್ದರೆ, ವಿದ್ಯಾರ್ಥಿಯು ಜಾಲತಾಣದಲ್ಲಿ ತುಂಬಿದ ಅರ್ಜಿಯು ಯಾರೂ ತೆರೆಯದ ಆ ಪೆಟ್ಟಿಗೆಯನ್ನು ಸೇರುತ್ತದೆ. ಹೊರಗಿನವರು ಕಳುಹಿಸಿದ ಪತ್ರಗಳಾದರೋ ಎಂಎಕ್ಸ್ ದಾಖಲೆಯಂತೆ ಸರಿಯಾಗಿಯೇ ಬರುತ್ತಿರುತ್ತವೆ. ಆದ್ದರಿಂದ ದೋಷವಿದೆಯೆಂಬ ಸಂದೇಹವೇ ಹುಟ್ಟುವುದಿಲ್ಲ.

ಅಂಚೆಯನ್ನು ನಿರಾಕರಿಸುವ ಸರ್ವರಿಗಿಂತ ತಪ್ಪಾಗಿ ಸ್ವೀಕರಿಸುವ ಸರ್ವರ್ ಹೆಚ್ಚು ಅಪಾಯಕರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗ್ರಾಹಕ ಸರ್ವರ್ ತಾತ್ಕಾಲಿಕವಾಗಿ ದೊರೆಯದಿದ್ದರೆ, ಕಳುಹಿಸುವ ಸರ್ವರ್ ಸಾಮಾನ್ಯವಾಗಿ 4–5 ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸಬೇಕೆಂದು ಎಸ್‌ಎಂಟಿಪಿ ನಿಯಮಾವಳಿ ಹೇಳುತ್ತದೆ; ಶಾಶ್ವತವಾಗಿ ನಿರಾಕೃತವಾದರೆ ಕಳುಹಿಸಿದವರಿಗೆ ಸೂಚನೆ ಮರಳುತ್ತದೆ. ತಪ್ಪಾದ ಸ್ವೀಕಾರದಲ್ಲಿ ಇವೆರಡೂ ಇಲ್ಲ.

ಅಂಚೆಯನ್ನೂ ಹೊಸ ಸರ್ವರಿಗೆ ಒಯ್ದಾಗ ಇದೇ ದೋಷವು ಹಳೆಯ ಸರ್ವರಿನಲ್ಲಿ ಕಾಣಿಸಿಕೊಳ್ಳುತ್ತದೆ. ಡಿಎನ್‌ಎಸ್ ದಾಖಲೆಯ ಆಯುರವಧಿಯು 86,400 ಸೆಕೆಂಡುಗಳಿದ್ದರೆ, ಹಳೆಯ ಉತ್ತರವು ಒಂದು ಇಡೀ ದಿನ ಇತರರ ಸ್ಮೃತಿಯಲ್ಲಿ ಉಳಿಯಬಹುದು. ಆದ್ದರಿಂದ ಬದಲಾವಣೆಗೆ ಮುಂಚೆಯೇ ಆ ಅವಧಿಯನ್ನು 300 ಸೆಕೆಂಡುಗಳಷ್ಟಕ್ಕೆ ಇಳಿಸುವುದು ರೂಢಿ.

ಪರಿಹಾರವು ಕಷ್ಟಸಾಧ್ಯವಲ್ಲ. ಅಂಚೆಯು ಹೊರಗಿದ್ದರೆ ಸಿಪ್ಯಾನೆಲ್‌ನ ‘ಇಮೇಲ್ ರೂಟಿಂಗ್’ ವಿಭಾಗದಲ್ಲಿ ‘ರಿಮೋಟ್’ ಎಂಬುದನ್ನು ಆರಿಸಬೇಕು. ಪೋಸ್ಟ್‌ಫಿಕ್ಸ್‌ನಲ್ಲಿ ಸ್ಥಳೀಯ ಡೊಮೇನ್‌ಗಳ ಪಟ್ಟಿಯಿಂದ ಆ ಹೆಸರನ್ನು ತೆಗೆಯಬೇಕು. ಹೊಸ ಸರ್ವರ್ ತಾನೇ ಅಂಚೆ ಕಳುಹಿಸುವುದಾದರೆ ಅದರ ವಿಳಾಸವನ್ನು ಎಸ್‌ಪಿಎಫ್ ದಾಖಲೆಗೆ ಸೇರಿಸಬೇಕು. ಪರೀಕ್ಷೆಯನ್ನು ಹೊರಗಿನಿಂದಷ್ಟೇ ಅಲ್ಲದೆ ಜಾಲತಾಣದ ಒಳಗಿನಿಂದಲೂ ನಡೆಸಬೇಕು. ಹಳೆಯ ಸರ್ವರಿನ ಪೆಟ್ಟಿಗೆಗಳನ್ನು ತೆರೆದು ನೋಡುವವರೆಗೂ ಅದನ್ನು ಅಳಿಸಕೂಡದು. ದಾರಿತಪ್ಪಿದ ಪತ್ರಗಳು ಬಹುಮಟ್ಟಿಗೆ ಅಲ್ಲಿಯೇ ದೊರೆಯುತ್ತವೆ.