ಕಂಸನ ಮೀಸೆ ಹಚ್ಚಿದ ನಾಗರತ್ನಮ್ಮ

ಪೌರಾಣಿಕ ನಾಟಕ ನೋಡಿದವರಿಗೆ ಕಂಸ ಹೇಗಿರಬೇಕು ಅಂತ ಹೇಳಿಕೊಡಬೇಕಾಗಿಲ್ಲ. ದಪ್ಪ ಮೀಸೆ, ಕೆಂಗಣ್ಣು, ಹಿಂದಿನ ಸಾಲಿನಲ್ಲಿ ತೂಕಡಿಸುವವರನ್ನೂ ಬಡಿದೆಬ್ಬಿಸುವ ಕಂಠ. ಅಂಥ ಕಂಸನ ಪಾತ್ರದಿಂದ ಹೆಸರಾದವರಲ್ಲಿ ಒಬ್ಬರು ಮಹಿಳೆ ಎಂದರೆ ನಂಬುತ್ತೀರಾ?

ಅವರು ಆರ್. ನಾಗರತ್ನಮ್ಮ. 1926ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮ ಬೇರೆ, ಇವರು ಬೇರೆ.

ಕಂಪನಿ ನಾಟಕಗಳ ಮೊದಲ ದಿನಗಳಲ್ಲಿ ಸೀತೆ, ದ್ರೌಪದಿಯರ ಪಾತ್ರವನ್ನೂ ಗಂಡಸರೇ ಸೀರೆ ಉಟ್ಟು ಮಾಡುತ್ತಿದ್ದರು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರಂಥ ನಟಿಯರು ಮಿಂಚಿದ ಮೇಲೆ ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬೇಕು ಅಂತ ಜನ ಒಪ್ಪಿಕೊಂಡರು. ಆದರೆ ಪುರಾಣದ ನಾಟಕಗಳಲ್ಲಿ ಹೆಣ್ಣಿನ ಪಾತ್ರಗಳೇ ಎಷ್ಟು? ಒಬ್ಬ ದ್ರೌಪದಿ ಇದ್ದರೆ ಸುತ್ತ ಐವರು ಪಾಂಡವರು, ಎದುರಿಗೆ ನೂರು ಕೌರವರು!

ವೃತ್ತಿರಂಗಭೂಮಿಯಲ್ಲಿ ಪಳಗಿದ ನಾಗರತ್ನಮ್ಮ 1958ರಲ್ಲಿ, ತಮ್ಮ 32ರ ಹರೆಯದಲ್ಲಿ, ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಹೆಸರೇ ಹೇಳುವಂತೆ ಅಲ್ಲಿ ರಾಜನೂ ಹೆಂಗಸು, ಸೇವಕನೂ ಹೆಂಗಸು, ರಾಕ್ಷಸನೂ ಹೆಂಗಸು. ‘ಕೃಷ್ಣಲೀಲೆ’ಯಲ್ಲಿ ಕಂಸನಾಗಿ, ‘ಕೃಷ್ಣ ಗಾರುಡಿ’ಯಲ್ಲಿ ಭೀಮನಾಗಿ ಅವರೇ ನಿಂತರು. ಆ ವಯಸ್ಸಿಗೆ ನಾಯಕಿಯರಿಗೆ ತಾಯಿಯ ಪಾತ್ರ ಶುರುವಾಗುತ್ತದೆ. ಅರವತ್ತಾದ ಗಂಡಸು ಮಾತ್ರ ಕೃಷ್ಣನಾಗಿ ಕೊಳಲು ಹಿಡಿಯಬಹುದು. ಈ ಲೆಕ್ಕ ಇಂದಿಗೂ ಪೂರ್ತಿ ಬದಲಾಗಿಲ್ಲ, ಸಿನಿಮಾ ನೋಡುವವರಿಗೆ ಗೊತ್ತು. ನಾಗರತ್ನಮ್ಮ ತಮ್ಮದೇ ಮಂಡಳಿ ಕಟ್ಟಿ ಈ ಲೆಕ್ಕದಿಂದ ಹೊರಗೆ ಬಂದರು ಅಂತ ನನಗನ್ನಿಸುತ್ತದೆ. ಪಾತ್ರ ಯಾರು ಕೊಡುತ್ತಾರೋ ಅಂತ ಕಾಯುವ ಬದಲು ಪಾತ್ರ ಹಂಚುವ ಜಾಗದಲ್ಲಿ ತಾವೇ ಕೂತರು.

2016ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಗ್ಲೆಂಡಾ ಜಾಕ್ಸನ್ ಎಂಬ ನಟಿ ತಮ್ಮ 80ನೇ ವಯಸ್ಸಿನಲ್ಲಿ ಶೇಕ್ಸ್‌ಪಿಯರನ ರಾಜ ಲಿಯರ್ ಆಗಿ ಅಭಿನಯಿಸಿದಾಗ ಅದು ದೊಡ್ಡ ಸುದ್ದಿಯಾಗಿತ್ತು. ನಮ್ಮ ನಾಗರತ್ನಮ್ಮ ಅದಕ್ಕೂ ಅರ್ಧ ಶತಮಾನ ಮೊದಲೇ ಭೀಮನ ಗದೆ ಎತ್ತಿದ್ದರು. ಗ್ಲೆಂಡಾ ಬಗ್ಗೆ ಮೊಬೈಲ್‌ನಲ್ಲಿ ಹುಡುಕಿದರೆ ಪುಟಗಟ್ಟಲೆ ಸಿಗುತ್ತದೆ. ನಾಗರತ್ನಮ್ಮನವರ ಬಗ್ಗೆ ಸಿಗುವುದು ನಾಲ್ಕು ಸಾಲು.

ಈ ಮಾತು ಈಗೇಕೆ ಅಂದರೆ, ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಇನ್ನೂ ಉಸಿರಾಡುತ್ತಿದೆ. ಕೆಲವು ಊರುಗಳಲ್ಲಿ ಕನ್ನಡ, ಆಂಧ್ರದ ಗಡಿಯ ಕಡೆ ತೆಲುಗು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುತ್ತಾರೆ. ಊರಿನ ಗಂಡಸರು ಕೈಯಿಂದ ದುಡ್ಡು ಹಾಕಿ ದುರ್ಯೋಧನನೋ ಕರ್ಣನೋ ಆಗುತ್ತಾರೆ. ದ್ರೌಪದಿ, ರುಕ್ಮಿಣಿಯರನ್ನು ಮಾತ್ರ ಸಂಭಾವನೆ ಕೊಟ್ಟು ಹೊರಗಿನಿಂದ ಕರೆಸುತ್ತಾರೆ. ಆ ಕಲಾವಿದೆಯರು ಸಂಜೆ ಬಸ್ಸಿಳಿದು, ಒಂದೇ ಒಂದು ಪ್ರಾಕ್ಟೀಸೂ ಇಲ್ಲದೆ ಬೆಳಗಿನ ಜಾವದವರೆಗೆ ಹಾಡಿ, ಅಭಿನಯಿಸಿ, ಮೊದಲ ಬಸ್ಸಿಗೆ ಹೊರಟುಬಿಡುತ್ತಾರೆ. ಮಾತು ಮರೆತ ನಮ್ಮೂರಿನ ದುರ್ಯೋಧನನಿಗೆ ಮೆಲ್ಲಗೆ ಸಾಲು ಎತ್ತಿಕೊಡುವವರೂ ಅವರೇ. ಕರಪತ್ರದಲ್ಲಿ ಅವರ ಹೆಸರು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಕಳೆದ ವರ್ಷ ನಮ್ಮೂರಿನಲ್ಲಿ ಪಾತ್ರ ಹಂಚುವಾಗ, ‘ನಾನೂ ಒಂದು ಪಾತ್ರ ಮಾಡ್ತೀನಿ ದೊಡ್ಡಪ್ಪಾ’ ಅಂದೆ. ‘ಮನೆ ಹೆಣ್ಣುಮಕ್ಕಳು ಸ್ಟೇಜ್ ಹತ್ತೋದಾ? ನೀನು ಓದ್ಕೋ ಹೋಗಮ್ಮ’ ಅಂತ ಉತ್ತರ ಬಂತು. ಬಿ.ಇ. ಓದಲು ದೂರದ ಊರಿನ ಪಿ.ಜಿ.ಗೆ ನನ್ನನ್ನು ಧೈರ್ಯವಾಗಿ ಕಳಿಸಿದ್ದು ಇದೇ ಮನೆಯವರು. ಮೂರು ಮೆಟ್ಟಿಲಿನ ಸ್ಟೇಜಿಗೆ ಮಾತ್ರ ಧೈರ್ಯ ಸಾಲಲಿಲ್ಲ. ಹೊರಗಿನಿಂದ ಬರುವ ಕಲಾವಿದೆಯೂ ಯಾರದೋ ಮನೆಯ ಹೆಣ್ಣುಮಗಳೇ ಅಲ್ಲವೇ? ನಾಟಕದವಳು ಅಂದಾಗ ನಾವು ಅವಳಿಗೆ ಏನು ಹೇಳುತ್ತಿದ್ದೇವೆ ಅನ್ನುವುದು ಆ ಉತ್ತರ ಕೇಳಿದ ಮೇಲೆ ನನಗೆ ಸರಿಯಾಗಿ ಅರ್ಥವಾಯಿತು.

ನಾಗರತ್ನಮ್ಮನವರಿಗೆ 1992ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಪದ್ಮಶ್ರೀ ಬಂದಿದ್ದು 2012ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಗೌರವ ತಡವಾಗಿಯಾದರೂ ಬಂತಲ್ಲ ಅನ್ನಬಹುದು. ನಮ್ಮ ಊರುಗಳಿಗೆ ಬಂದುಹೋಗುವ ಕಲಾವಿದೆಯರಿಗೆ ಅಷ್ಟು ದೊಡ್ಡ ಗೌರವ ಕೊಡಿಸುವ ಶಕ್ತಿ ನಮಗಿಲ್ಲ. ಆದರೆ ಕರಪತ್ರ ಅಚ್ಚು ಮಾಡಿಸುವವರು ನಾವೇ. ಅವರ ಹೆಸರನ್ನು ದುರ್ಯೋಧನನ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಲು ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ. ಊರಿನ ಹುಡುಗಿಯೊಬ್ಬಳು ಪಾತ್ರ ಕೇಳಿದರೆ ಮೇಷ್ಟ್ರು ಒಂದು ಪದ್ಯ ಹಾಡಿಸಿ ನೋಡಲಿ. ಶ್ರುತಿ ಸೇರಿದರೆ ಗದೆಯನ್ನೇ ಕೊಡಲಿ.