ಕೋಣೆಯ ಅಳತೆಯ ಸಂಗೀತ

ಊರಿನ ನಾಲ್ಕು ಮಂದಿ ಪಿಟೀಲು, ವಯೋಲಾ, ಚೆಲ್ಲೋ ಹಿಡಿದು ಒಂದು ಸಂಜೆ ಚೇಂಬರ್ ಸಂಗೀತದ ಕಛೇರಿ ಕೊಡುತ್ತಾರೆ ಎಂಬ ಪ್ರಕಟಣೆ ಬಂದರೆ, ಪಾಶ್ಚಾತ್ಯ ಸಂಗೀತದ ರುಚಿ ಇದ್ದವರೂ ಹೋಗಲೋ ಬೇಡವೋ ಎಂದು ಅಳೆದು ಸುರಿದು ನೋಡುತ್ತಾರೆ. ಬೀಥೋವನ್ ಕೇಳಬೇಕೆಂದರೆ ಜಗತ್ತಿನ ಹೆಸರಾಂತ ತಂಡಗಳ ಧ್ವನಿಮುದ್ರಣ ಫೋನಿನಲ್ಲೇ ಸಿಗುತ್ತದೆ. ಹಗಲೆಲ್ಲ ಬೇರೆ ಕೆಲಸ ಮಾಡಿ ರಾತ್ರಿ ಅಭ್ಯಾಸಕ್ಕೆ ಕೂರುವವರ ನುಡಿಸಾಣಿಕೆ ಕೇಳಲು ಟ್ರಾಫಿಕ್ ದಾಟಿಕೊಂಡು ಯಾಕೆ ಹೋಗಬೇಕು ಎನ್ನುವುದು ಅವರ ಲೆಕ್ಕ. ಲೆಕ್ಕ ಮೇಲ್ನೋಟಕ್ಕೆ ಸರಿಯೇ. ಆದರೆ ಈ ಸಂಗೀತ ಎಲ್ಲಿ ಹುಟ್ಟಿತು, ಯಾರ ಕೈಗೆಂದು ಹುಟ್ಟಿತು ಎಂದು ವಿಚಾರಿಸಿದರೆ ಅದು ತಲೆಕೆಳಗಾಗುತ್ತದೆ. ಸ್ಥಳೀಯ ತಂಡದ ಸಣ್ಣ ಕಛೇರಿಯೇ ಈ ಪ್ರಕಾರದ ಮೂಲರೂಪ. ದೊಡ್ಡ ಸಭಾಂಗಣ, ವಿಶ್ವಸಂಚಾರ, ಧ್ವನಿಮುದ್ರಣ ಎಲ್ಲ ಆಮೇಲೆ ಬಂದದ್ದು.

1750ರ ದಶಕದ ಕೊನೆಯ ಮಾತು. ಆಸ್ಟ್ರಿಯಾದ ವೈನ್‌ಜೀರ್ಲ್ ಎಂಬ ಹಳ್ಳಿಯಲ್ಲಿ ಫ್ಯೂರ್ನ್‌ಬರ್ಗ್ ಎಂಬ ಜಮೀನ್ದಾರನಿದ್ದ. ಅವನ ಮನೆಯಲ್ಲಿ ಆಗಾಗ ಸಂಗೀತಕ್ಕೆ ಸೇರುತ್ತಿದ್ದವರು ಅಲ್ಲಿನ ಪಾದ್ರಿ, ಜಮೀನಿನ ಮೇಲ್ವಿಚಾರಕ, ಚೆಲ್ಲೋ ನುಡಿಸುವ ಆಲ್‌ಬ್ರೆಕ್ಟ್ಸ್‌ಬರ್ಗರ್, ಜೊತೆಗೆ ಇನ್ನೂ ಹೆಸರು ಮಾಡದ ಯುವಕ ಜೋಸೆಫ್ ಹೈಡನ್. ಈ ನಾಲ್ವರಿಗೆ ಏನಾದರೂ ಬರೆದುಕೊಡು ಎಂದು ಜಮೀನ್ದಾರ ಕೇಳಿದ, ಹೈಡನ್ ಬರೆದ. ಹೈಡನ್‌ನನ್ನು ಹತ್ತಿರದಿಂದ ಬಲ್ಲ ಜೀವನಚರಿತ್ರೆಕಾರ ಗ್ರೀಸಿಂಗರ್ ಕೊಡುವ ವಿವರ ಇದು. ಸ್ಟ್ರಿಂಗ್ ಕ್ವಾರ್ಟೆಟ್‌ನ ಪಿತಾಮಹ ಎನಿಸಿಕೊಂಡವನ ಮೊದಲ ಕ್ವಾರ್ಟೆಟ್‌ಗಳು ಹೀಗೆ ಊರಿನಲ್ಲಿ ಸಿಕ್ಕ ಕೈಗಳ ಅಳತೆಗೆ ತಯಾರಾದವು. 1784ರಲ್ಲಿ ವಿಯೆನ್ನಾದ ಒಂದು ಮನೆಯಲ್ಲಿ ನಡೆದ ಕೂಟ ಇನ್ನೂ ಸ್ವಾರಸ್ಯದ್ದು. ಮೊದಲ ಪಿಟೀಲು ಹೈಡನ್, ಎರಡನೆಯದು ಡಿಟ್ಟರ್ಸ್‌ಡಾರ್ಫ್, ವಯೋಲಾ ಮೊಜಾರ್ಟ್, ಚೆಲ್ಲೋ ವಾನ್ಹಾಲ್. ನಾಲ್ವರೂ ಸಂಗೀತ ರಚನಕಾರರು. ಅಲ್ಲಿದ್ದ ಐರಿಷ್ ಗಾಯಕ ಮೈಕೆಲ್ ಕೆಲ್ಲಿ ತನ್ನ ನೆನಪುಗಳಲ್ಲಿ ಮುಲಾಜಿಲ್ಲದೆ ಬರೆದಿದ್ದಾನೆ: ನುಡಿಸಾಣಿಕೆ ಪರವಾಗಿಲ್ಲ ಎನ್ನುವಂತಿತ್ತು, ಯಾರೊಬ್ಬರೂ ತಮ್ಮ ವಾದ್ಯದಲ್ಲಿ ಅಸಾಧಾರಣರೇನೂ ಆಗಿರಲಿಲ್ಲ. ಆದರೂ ಅದಕ್ಕಿಂತ ಸೊಗಸಾದ ಸಂಗೀತ ಸಂಜೆ ಸಿಗುವುದು ಕಷ್ಟ ಎಂಬುದು ಅವನ ಭಾವನೆ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಈ ಸಂಗೀತದ ಕಟ್ಟಡದಲ್ಲೇ ಇದೆ. ಕ್ವಾರ್ಟೆಟ್ ಎಂದರೆ ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾಗಿ ದಪ್ಪ ದನಿಯ ಒಂದು ವಯೋಲಾ, ಅದಕ್ಕೂ ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡಿದ ಒಂದು ಚೆಲ್ಲೋ. ಆರ್ಕೆಸ್ಟ್ರಾದಲ್ಲಿ ಒಂದೇ ಸಾಲನ್ನು ಹತ್ತಾರು ಪಿಟೀಲುಗಳು ಒಟ್ಟಿಗೆ ನುಡಿಸುತ್ತವೆ, ಮುಂದೆ ಕೋಲು ಹಿಡಿದು ನಡೆಸುವವನೊಬ್ಬ ಇರುತ್ತಾನೆ. ಇಲ್ಲಿ ಪ್ರತಿ ಸಾಲಿಗೂ ಒಬ್ಬನೇ ಹೊಣೆ, ನಡೆಸುವವನಿಲ್ಲ. ಎತ್ತುಗಡೆಗೆ ಮೊದಲ ಪಿಟೀಲಿನವರು ಎಳೆದುಕೊಳ್ಳುವ ಉಸಿರು, ಕಮಾನಿನ ಒಂದು ಸಣ್ಣ ಚಲನೆ, ಅಷ್ಟೇ ಸೂಚನೆ. ಯಾರು ಯಾರ ಕಡೆ ನೋಡಿದರು, ಯಾರು ತಗ್ಗಿ ಯಾರಿಗೆ ದಾರಿ ಬಿಟ್ಟರು ಎಂಬುದು ಕೇಳುಗನಿಗೆ ಕಾಣಬೇಕು. ಐವತ್ತು ಅರವತ್ತು ಮಂದಿ ಕೂತ ಕೋಣೆಯಲ್ಲಿ ಅದು ಕಾಣುತ್ತದೆ. ಗಾತ್ರದ ಪ್ರಶ್ನೆ ನಮಗೆ ಹೊಸದೇನಲ್ಲ: ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಬೇಕಾಯಿತು. ಕ್ವಾರ್ಟೆಟ್‌ಗೆ ಆ ಪೇಚಾಟ ಬೇಡ, ಕೋಣೆ ಸಣ್ಣದಿದ್ದರೆ ಸಾಕು.

ಹೈಡನ್ 1781ರಲ್ಲಿ ಬರೆದ ಓಪಸ್ 33ರ ಎರಡನೆಯ ಕ್ವಾರ್ಟೆಟ್ ತೆಗೆದುಕೊಳ್ಳಿ. ಅದಕ್ಕೆ ‘ಜೋಕ್’ ಎಂದೇ ಅಡ್ಡಹೆಸರು. ಕೊನೆಯ ಭಾಗದಲ್ಲಿ ಕುಣಿಯುತ್ತ ಬರುವ ಒಂದು ಪಲ್ಲವಿ ಇದೆ. ಇನ್ನೇನು ಮುಗಿಯಿತು ಎನ್ನುವಾಗ ನಡೆ ಇದ್ದಕ್ಕಿದ್ದಂತೆ ವಿಳಂಬವಾಗುತ್ತದೆ. ಮತ್ತೆ ಪಲ್ಲವಿ ಬರುತ್ತದೆ, ಆದರೆ ತುಂಡು ತುಂಡಾಗಿ, ಪ್ರತಿ ತುಂಡಿನ ನಂತರ ಮೌನ. ನಾಲ್ಕನೆಯ ತುಂಡಾದ ಮೇಲೆ ಕೃತಿ ಪೂರ್ಣವಾದಂತೆಯೇ ಕೇಳುತ್ತದೆ. ಇನ್ನೂ ದೀರ್ಘ ಮೌನ. ಯಾರೋ ಚಪ್ಪಾಳೆಗೆ ಕೈ ಎತ್ತುತ್ತಾರೆ. ವಾದಕರ ಕಮಾನುಗಳು ಮಾತ್ರ ಗಾಳಿಯಲ್ಲೇ ನಿಂತಿವೆ. ಆಮೇಲೆ ಪಲ್ಲವಿಯ ಮೊದಲ ತುಂಡು ಮೆಲ್ಲಗೆ ಮತ್ತೊಮ್ಮೆ ಕೇಳಿ, ಅಲ್ಲಿಗೇ ನಿಂತುಬಿಡುತ್ತದೆ. ಫೋನಿನಲ್ಲಿ ಈ ತಮಾಷೆ ಸಾಯುತ್ತದೆ, ಇನ್ನೆಷ್ಟು ಸೆಕೆಂಡು ಬಾಕಿ ಎಂದು ಪರದೆಯೇ ಹೇಳಿಬಿಡುತ್ತದಲ್ಲ. ಎಷ್ಟೇ ದೊಡ್ಡ ತಂಡದ ಧ್ವನಿಮುದ್ರಣವಾದರೂ ಎದುರಿಗೆ ಕೂತ ಸಾಧಾರಣ ತಂಡ ಕೊಡುವುದನ್ನು ಇಲ್ಲಿ ಕೊಡಲಾರದು.

ಇದೆಲ್ಲ ಸರಿ, ಆದರೆ ರಾಗಾಲಾಪನೆ ಇಲ್ಲದ, ಗಮಕವಿಲ್ಲದ, ಸಾಹಿತ್ಯವೂ ಇಲ್ಲದ, ಎಲ್ಲವನ್ನೂ ಬರೆದಿಟ್ಟೇ ನುಡಿಸುವ ಸಂಗೀತದಲ್ಲಿ ನಮ್ಮ ಕಿವಿಗೆ ಏನು ಸಿಗುತ್ತದೆ ಎಂದು ಕರ್ನಾಟಕ ಸಂಗೀತದ ರಸಿಕರು ಕೇಳಬಹುದು. ಮನೋಧರ್ಮವನ್ನು ಹುಡುಕಿಕೊಂಡು ಹೋದರೆ ನಿರಾಶೆ ಖಂಡಿತ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ತನಿ ಆವರ್ತನದಲ್ಲಿ ಮೃದಂಗ ಕೊಟ್ಟದ್ದನ್ನು ಘಟ ಹೇಗೆ ತೆಗೆದುಕೊಂಡಿತು, ಯಾವ ಸುತ್ತಿನಲ್ಲಿ ಅರ್ಧಕ್ಕೆ ಇಳಿಸಿತು ಎಂದು ಹಿಂಬಾಲಿಸುವ ಕಿವಿಗೆ ಕ್ವಾರ್ಟೆಟ್ ಕೇಳುವ ತರಬೇತಿ ಅರ್ಧ ಆಗಿಯೇ ಇದೆ. ಹೊಸದಾಗಿ ಕಲಿಯಬೇಕಾದ್ದು, ನಾಲ್ಕು ಸಾಲುಗಳು ಏಕಕಾಲಕ್ಕೆ ಬೇರೆ ಬೇರೆ ಸ್ವರಗಳಲ್ಲಿ ನಡೆಯುವಾಗ ಹುಟ್ಟುವ ಮೇಳವನ್ನು. ಅದಕ್ಕೂ ಸುಲಭದ ದಾರಿಯಿದೆ. ಎಲ್ಲರ ಗಮನ ಮೊದಲ ಪಿಟೀಲಿನ ಮೇಲಿರುವಾಗ ಹತ್ತು ನಿಮಿಷ ವಯೋಲಾವನ್ನೇ ಹಿಡಿದು ಕೂರಬೇಕು. ಮೈಸೂರಿನ ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದವರು. ರಷ್ಯದ ರಚನಕಾರ ಮೆಟ್ನರ್‌ನ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ. ಎರಡು ಕಿವಿ ಒಂದೇ ತಲೆಯಲ್ಲಿ ಇರಬಹುದು.

ಅವರು ಮಹಾರಾಜರು, ಇದು ಉಳ್ಳವರ ಸಂಗೀತವೇ ತಾನೆ ಎಂಬ ಆಕ್ಷೇಪಕ್ಕೆ ವೈನ್‌ಜೀರ್ಲ್‌ನ ಮೇಲ್ವಿಚಾರಕನೇ ಉತ್ತರ. ಲಂಡನ್ನಿನ ಸೌತ್ ಪ್ಲೇಸ್‌ನಲ್ಲಿ 1887ರಲ್ಲಿ ಶುರುವಾದ ಭಾನುವಾರದ ಚೇಂಬರ್ ಕಛೇರಿಗಳ ಉದ್ದೇಶವೇ ಸಾಮಾನ್ಯ ಜನರನ್ನು ಮುಟ್ಟುವುದಾಗಿತ್ತು. ಹೆಚ್ಚು ತೂಕದ ಆಕ್ಷೇಪ ಗುಣಮಟ್ಟದ್ದು. ಬೀಥೋವನ್ 1806ರಲ್ಲಿ ತನ್ನ ಆಶ್ರಯದಾತ ರಜುಮೊವ್‌ಸ್ಕಿಗೆ ಬರೆದ ಓಪಸ್ 59ರ ಹೊತ್ತಿಗೆ ಕ್ವಾರ್ಟೆಟ್ ಹವ್ಯಾಸಿಗಳ ಕೈಮೀರಿತ್ತು. ಅದನ್ನು ನುಡಿಸಲು ಶುಪ್ಪಾನ್ಸಿಗ್‌ನಂಥ ವೃತ್ತಿಪರನ ತಂಡವೇ ಬೇಕಾಯಿತು. ಬೀಥೋವನ್‌ನ ಕೊನೆಯ ಕ್ವಾರ್ಟೆಟ್‌ಗಳಂತೂ ಅಪಶ್ರುತಿಯನ್ನು ಒಂದಿಷ್ಟೂ ಕ್ಷಮಿಸುವುದಿಲ್ಲ. ಹಾಗಾಗಿ ಸ್ಥಳೀಯ ತಂಡವೆಂದು ರಿಯಾಯಿತಿ ತೋರಿಸುವ ಬದಲು, ಅದು ಕಾರ್ಯಕ್ರಮವನ್ನು ಹೇಗೆ ಆರಿಸಿದೆ ಎಂದು ನೋಡುವುದು ಒಳ್ಳೆಯದು. ಹೈಡನ್, ಮೊಜಾರ್ಟ್, ಜೊತೆಗೆ ಬೀಥೋವನ್‌ನ ಓಪಸ್ 18ರಲ್ಲೊಂದು ಎಂದಿದ್ದರೆ ತನ್ನ ಅಳವು ಬಲ್ಲ ತಂಡ ಎಂದು ಧೈರ್ಯವಾಗಿ ಟಿಕೆಟ್ ಕೊಳ್ಳಬಹುದು. ಇನ್ನು ಭಾಗಗಳ ನಡುವೆ ಚಪ್ಪಾಳೆ ತಟ್ಟಿದರೆ ಯಾರಾದರೂ ತಿರುಗಿ ನೋಡುತ್ತಾರೇನೋ ಎಂಬ ಭಯ ಬೇಡ. 1778ರಲ್ಲಿ ಪ್ಯಾರಿಸ್ಸಿನ ಸಭೆ ತನ್ನ ಸಿಂಫನಿಯ ನಡುವೆಯೇ ಚಪ್ಪಾಳೆ ತಟ್ಟಿತೆಂದು ಮೊಜಾರ್ಟ್ ಅಪ್ಪನಿಗೆ ಸಂಭ್ರಮದಿಂದ ಕಾಗದ ಬರೆದಿದ್ದ. ಆ ಕಡೆ ಬಿಗಿಯಾಗಿ ಕೂರುವ ಪದ್ಧತಿ ಬೆಳೆದದ್ದು ಅವನು ಹೋದ ಮೇಲೆ.